ಗೆರೆಯ ಆಚೆಯಿಂದ ಬಂದ ಕೂಗು

ಶಿಷ್ಯ ಕೇಳಿದ: “ಉಸ್ತಾದ್ರೇ, ನನ್ನ ಪೈಲ್ವಾನ್ರು ನಾನು ಹಾಕಿದ ಗೆರೆ ದಾಟಲ್ಲ. ಹೇಳಿದ ಪಟ್ಟನ್ನೇ ಹಾಕ್ತಾರೆ. ಆದ್ರೂ ದೊಡ್ಡ ಕುಸ್ತೀಲಿ ಸೋತು ಬರ್ತಾರೆ. ಯಾಕೆ?”

ಅವನೂ ಹಿಂದೆ ಒಳ್ಳೆಯ ಪೈಲ್ವಾನನೇ. ಒಂದು ಕುಸ್ತಿಯಲ್ಲಿ ಬಲಭುಜ ಮುರಿದು, ಕೈ ಮೇಲೇಳದೆ ಹೋದ ಮೇಲೆ ಕಲಿಸುವುದಕ್ಕೆ ನಿಂತಿದ್ದ. ಉಸ್ತಾದರು ಗರಡಿಯ ಜಗಲಿಯ ಮೇಲೆ ಕುಳಿತೇ ಈ ಕತೆ ಹೇಳಿದರು.

ನಾರ್ವೆ ಎಂಬ ಚಳಿಯ ದೇಶದಲ್ಲಿ ಒಬ್ಬ ಫುಟ್‌ಬಾಲ್ ಆಟಗಾರನಿದ್ದ. ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವುದು ಅವನ ಕೆಲಸ. ಓಟದಲ್ಲಿ ಅಷ್ಟಕ್ಕಷ್ಟೆ. ಆದರೆ ಚೆಂಡು ಮೇಲಕ್ಕೆ ಹಾರಿತೆಂದರೆ ಅದು ಎಲ್ಲಿ ಬೀಳುತ್ತದೆಂದು ಅವನಿಗೆ ಮೊದಲೇ ತಿಳಿಯುತ್ತಿತ್ತು. ಒಂದೇ ಚೆಂಡಿಗೆ ಇಬ್ಬರು ಹಾರಿದರೆ ತಲೆಗೆ ತಲೆ ಬಡಿಯುತ್ತದೆ. ಅದಕ್ಕೇ ಆ ಆಟದಲ್ಲಿ ಒಬ್ಬ ಕೂಗುತ್ತಾನೆ, ಉಳಿದವರು ಸರಿಯುತ್ತಾರೆ. “ಬಿಡು, ನಾನಿದ್ದೀನಿ!” ಎಂದು ಅವನು ಕೂಗಿದರೆ ಯಾರೂ ಮರುಮಾತಾಡುತ್ತಿರಲಿಲ್ಲ. ಹದಿನೈದು ವರ್ಷ ಹಾಗೆ ಆಡಿದ.

ಅವನಿಗಿದ್ದದ್ದು ಒಂದೇ ಆಸೆ, ತನ್ನ ದೇಶದೊಂದಿಗೆ ವಿಶ್ವಕಪ್ಪಿಗೆ ಹೋಗಬೇಕು. ಅದು ಕೈಗೂಡಲಿಲ್ಲ. ಕೊನೆಯ ಅವಕಾಶ ಬಂದಾಗ ಮಂಡಿಗೆ ಪಟ್ಟಿ ಸುತ್ತಿಕೊಂಡು ಹೊರಗೆ ಕುಳಿತಿದ್ದ. ತನ್ನವರು ಸೋಲುವುದನ್ನು ಅಲ್ಲಿಂದಲೇ ನೋಡಿದ. ಮಂಡಿ ಮತ್ತೆ ನೆಟ್ಟಗಾಗಲಿಲ್ಲ.

ಆಮೇಲೆ ಇಪ್ಪತ್ತು ವರ್ಷ ಸಣ್ಣ ಊರುಗಳ ತಂಡಗಳಿಗೆ ಆಟ ಕಲಿಸಿದ. ಮೈದಾನದ ಹಿಮವನ್ನು ಸಲಿಕೆಯಿಂದ ತಾನೇ ಎತ್ತಿ ಹಾಕಿದ. ತಲೆ ಬೋಳಾಯಿತು, ಆಸೆ ಮಾತ್ರ ಹಾಗೇ ಉಳಿಯಿತು. ಕೊನೆಗೆ ದೇಶದ ತಂಡವನ್ನು ನಡೆಸಲು ಅವನಿಗೇ ಕರೆ ಬಂತು. ಅಂದು ಹೆಂಡತಿಯ ಎದುರು ಮಗುವಿನ ಹಾಗೆ ಅತ್ತುಬಿಟ್ಟ.

ತಂಡದ ಆಟಗಾರರು ಅವನಿಗಿಂತ ಚುರುಕಾಗಿದ್ದರು. ಆದರೆ ಚೆಂಡು ಮೇಲೆ ಹಾರಿದಾಗ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅದನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಅಭ್ಯಾಸದಲ್ಲಿ ಮೈದಾನದ ಗೆರೆಯ ಆಚೆ ನಿಂತು, ಯಾರು ಬಿಡಬೇಕು, ಯಾರು ಹೊಡೆಯಬೇಕು ಎಂದು ತಾನೇ ಕೂಗತೊಡಗಿದ. ಕೂಗಿಗೆ ಮೊದಲೇ ಯಾರಾದರೂ ಚೆಂಡಿಗೆ ಹಾರಿದರೆ ಆಟ ನಿಲ್ಲಿಸಿ ಮತ್ತೆ ಮೊದಲಿನಿಂದ ಮಾಡಿಸುತ್ತಿದ್ದ.

ರಕ್ಷಣೆಗೆ ನಿಲ್ಲುವ ಎತ್ತರದ ಆಟಗಾರನೊಬ್ಬ ಒಮ್ಮೆ ಕೇಳಿದ: “ಸಾರ್, ಚೆಂಡು ನನ್ನ ತಲೆ ಮೇಲೇ ಇತ್ತು. ನನಗೆ ಚೆನ್ನಾಗಿ ಕಾಣ್ತಿತ್ತು.”

“ನೀನು ಹುಟ್ಟೋಕೆ ಮುಂಚಿನಿಂದ ಚೆಂಡು ನೋಡ್ತಿದ್ದೀನಿ ಕಣಯ್ಯಾ. ನಿನಗೆ ಕಾಣಬೇಕಾಗಿಲ್ಲ, ಕೇಳಿಸಿದ್ರೆ ಸಾಕು.”

ಅಂದಿನಿಂದ ಅವನು ಕೂಗು ಕೇಳಿಸಿದ ಮೇಲೇ ಹಾರಿದ. ಎರಡು ವರ್ಷ ಎಲ್ಲರೂ ಹಾಗೇ ಆಡಿದರು, ಗೆದ್ದರು ಕೂಡ. ಊರೆಲ್ಲ ಕಲಿಸುವವನ ಗಂಟಲನ್ನು ಹೊಗಳಿತು. ಪಾಪ, ಅವನೂ ನಂಬಿಬಿಟ್ಟ.

ಕೊನೆಯ ಪಂದ್ಯ ಬಂತು. ಸೋಲದಿದ್ದರೆ ಸಾಕು, ವಿಶ್ವಕಪ್ಪಿಗೆ ದಾರಿ. ಎರಡೂ ಕಡೆ ಗೋಲಿಲ್ಲ, ಇನ್ನು ಒಂದೇ ನಿಮಿಷ. ಎದುರಾಳಿಗಳು ಚೆಂಡನ್ನು ಎತ್ತರಕ್ಕೆ ಒದ್ದರು. ಅದು ಎಲ್ಲಿ ಬೀಳುತ್ತದೆಂದು ಗೆರೆಯ ಆಚೆ ನಿಂತಿದ್ದ ಅವನಿಗೆ ತಿಳಿಯಿತು. ಎತ್ತರದ ಆಟಗಾರ ಸರಿಯಾಗಿ ಅದರ ಅಡಿಯಲ್ಲೇ ನಿಂತಿದ್ದ. ಆದರೆ ಇವನಿಗೆ ಆ ಕ್ಷಣ ತನ್ನ ವಯಸ್ಸು ಮರೆತುಹೋಯಿತು, ಮಂಡಿ ಮರೆತುಹೋಯಿತು. ಕೋಟು ತೊಟ್ಟುಕೊಂಡೇ ಗೆರೆಯ ಪಕ್ಕದಲ್ಲಿ ನೆಗೆದು ಕೂಗಿದ:

“ಬಿಡು, ನಾನಿದ್ದೀನಿ!”

ಎತ್ತರದವನು ಬಿಟ್ಟ. ಪಕ್ಕದಲ್ಲಿದ್ದವರೂ ಬಿಟ್ಟರು. ಚೆಂಡು ಯಾರೂ ಇಲ್ಲದ ಜಾಗದಲ್ಲಿ ಬಿದ್ದು ಪುಟಿಯಿತು. ಎದುರಾಳಿಯೊಬ್ಬ ಓಡಿಬಂದು ಅದನ್ನು ಗೋಲಿಗೆ ತಳ್ಳಿದ.

ಎತ್ತರದವನು ಬೈದಿದ್ದರೆ ಕೂಗಿದವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆತ ಬೈಯಲಿಲ್ಲ. ತಿರುಗಿ ಇವನ ಕಡೆ ನೋಡಿದ, ಮುಂದೇನು ಮಾಡಲಿ ಎಂದು ಕೇಳುವವನಂತೆ. ಉಳಿದ ಹತ್ತು ಮಂದಿಯೂ ಹಾಗೇ ನೋಡುತ್ತಿದ್ದರು. ಅವನು ಗೆರೆಗೆ ಬೆನ್ನು ಹಾಕಿ ಹೊರನಡೆದ. ಆಮೇಲೆ ಬಹಳ ವರ್ಷ ಬದುಕಿದ್ದ. ಯಾವ ಮೈದಾನದ ಹತ್ತಿರವೂ ಸುಳಿಯಲಿಲ್ಲ.

ಕತೆ ಮುಗಿಯಿತು. ಶಿಷ್ಯ ತನ್ನ ಬಲಭುಜವನ್ನು ನೀವಿಕೊಳ್ಳುತ್ತ ಕೇಳಿದ: “ತಪ್ಪು ಯಾರದು ಉಸ್ತಾದ್ರೇ? ಕೂಗಿದೋನದಾ, ಬಿಟ್ಟೋನದಾ?”

ಉಸ್ತಾದರು ಆ ಭುಜವನ್ನೇ ನೋಡುತ್ತ ಹೇಳಿದರು:

“ಅದು ಮುರಿದ ದಿನ ಅಖಾಡದ ಅಂಚಲ್ಲಿ ನಿಂತು ‘ಬಲಕ್ಕೆ ಹೊರಳು’ ಅಂತ ಕೂಗಿದೋನು ನಾನು, ಎಡಕ್ಕೆ ಹೊರಳಬೇಕು ಅಂತ ನಿನಗೆ ಕಂಡಿತ್ತು, ಅಲ್ವಾ?”