ಮೇಲಿಟ್ಟ ಗಾಜು

ಹೊಳೆಯ ದಂಡೆಯಲ್ಲಿ ತಗಡಿನ ಸೂರಿನ ಒಂದು ಶೆಡ್ಡು. ಊರಿನವರು ತಮಾಷೆಗೆ ಅದನ್ನು ಆಶ್ರಮ ಎನ್ನುತ್ತಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಸರ್ವಮಂಗಳಮ್ಮ ಅಲ್ಲಿದ್ದರು. ಹಾಗೆ ತಮಾಷೆ ಮಾಡುವವರೇ ತಮ್ಮ ಮಕ್ಕಳ ಡಿಗ್ರಿ ಮುಗಿಯುತ್ತಲೇ ಕೈಹಿಡಿದು ಅಲ್ಲಿಗೆ ಕರೆತರುತ್ತಿದ್ದರು, ಆ ಮಾತು ಬೇರೆ.

ಬಂದವರಿಗೆ ಆಕೆ ಉಪದೇಶ ಮಾಡುತ್ತಿರಲಿಲ್ಲ. ಕೈಗೊಂದು ಕೆಲಸ ಕೊಡುತ್ತಿದ್ದರು. ಸುಟ್ಟ ಮೋಟಾರನ್ನು ಬಿಚ್ಚಿ ಕಟ್ಟಿದವನು ಈಗ ವಿದ್ಯುತ್ ಸ್ಥಾವರದಲ್ಲಿದ್ದಾನೆ. ಹೊಳೆಯ ನೀರನ್ನು ಸೋಸಿ ಸೋಸಿ ನೋಡಿದವಳು ಪ್ರಯೋಗಾಲಯ ಸೇರಿದ್ದಾಳೆ.

ಕುಮುದಳನ್ನು ಯಾರೂ ಕರೆತರಲಿಲ್ಲ. ತಾನಾಗಿ ಬಂದಳು. ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿ.

"ಮೇಡಂ, ದೂರದರ್ಶಕ ಮಾಡೋ ಕಡೆ ಕೆಲಸಕ್ಕೆ ಸೇರಬೇಕು ಅಂತ ಆಸೆ. ದಾರಿ ಗೊತ್ತಿಲ್ಲ. ಯಾರನ್ನ ಕೇಳಿದ್ರೂ ಬಿ.ಎಡ್. ಮಾಡು ಅಂತಾರೆ."

"ಆಸೆ ಎಷ್ಟಿದೆ?"

ಕುಮುದ ಯೋಚಿಸಿದಳು. "ತಾರಸಿ ಮೇಲೆ ಮಲಗಿದ್ರೆ ಅಳು ಬರುತ್ತೆ ಮೇಡಂ. ಕಣ್ಣೆದುರಿಗೇ ಇದೆ, ಕೈಗೆ ಸಿಗಲ್ಲ ಅಂತ."



"ಬೆಟ್ಟದ ಮೇಲೆ ವೀಕ್ಷಣಾಲಯ ಇದೆಯಲ್ಲ, ಅಲ್ಲೊಂದು ಕನ್ನಡಿ ಮಾಡೋ ಕಾರ್ಯಾಗಾರ ಇದೆ," ಎಂದರು ಸರ್ವಮಂಗಳಮ್ಮ. "ದೂರದರ್ಶಕದ ಒಳಗಿರೋ ಕನ್ನಡಿ. ದೀಪಾವಳಿ ಕಳೆದ ಮೇಲೆ ಹೊಸಬರನ್ನ ತಗೋತಾರೆ. ಕೈಯಾರೆ ಒಂದು ಕನ್ನಡಿ ಮಾಡಿ ತಂದವರನ್ನ ಮೊದಲು ಒಳಗೆ ಕರೀತಾರೆ."

"ನೀವು ಅವರಿಗೆ ಒಂದು ಮಾತು ಹೇಳಿದ್ರೆ..."

"ನನ್ನ ಪರಿಚಯ ಯಾರಿಗೂ ಇಲ್ಲ. ನಾನು ಆ ಬೆಟ್ಟ ಹತ್ತಿದವಳೇ ಅಲ್ಲ."

ಅವರು ಮರದ ಪೆಟ್ಟಿಗೆಯಿಂದ ತಟ್ಟೆಯಗಲದ ಎರಡು ದಪ್ಪ ಗಾಜುಗಳನ್ನು ತೆಗೆದರು. ಎರಡೂ ದುಂಡಗೆ, ಚಪ್ಪಟೆ. ಒಂದು ಹೊಸದು. ಇನ್ನೊಂದು ಹಳೆಯದು, ತುಸು ಹಸಿರು ಬಣ್ಣ, ಅಂಚಿನಲ್ಲಿ ಉಗುರಿನಷ್ಟು ಮುಕ್ಕಾಗಿತ್ತು. ಅದನ್ನು ಮಾತ್ರ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದರು.

"ಹೊಸದು ನಿನ್ನದು, ಹಳೇದು ನನ್ನದು. ನನ್ನದನ್ನ ಕೆಳಗಿಡು, ನಿನ್ನದನ್ನ ಮೇಲಿಡು. ನಡುವೆ ಸಾಣೆಪುಡಿ, ನೀರು. ಉಜ್ಜು."

"ಉಜ್ಜಿದ್ರೆ ಏನಾಗುತ್ತೆ ಮೇಡಂ?"

"ಉಜ್ಜಿ ನೋಡು."

ಮರುದಿನವೇ ಅವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮೈಸೂರಿನ ತಂಗಿಯ ಮನೆಗೆ ಹೊರಟರು. ಶೆಡ್ಡಿನ ಬೀಗದಕೈ ಕುಮುದಳ ಕೈಗೆ ಬಂತು.

ಅವಳು ಹಳೆಯ ಗಾಜನ್ನು ಮೇಜಿನ ಮೇಲಿಟ್ಟಳು. ತನ್ನದನ್ನು ಅದರ ಮೇಲಿಡಲು ಕೈ ಎತ್ತಿದಳು. ಕೈ ಅಲ್ಲೇ ನಿಂತಿತು.

ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಂಡು ಬೆಳೆದವಳು ಅವಳು. ಮೇಡಂ ಅವರ ಗಾಜನ್ನು ಅಡಿಗೆ ಹಾಕಿ, ತನ್ನದನ್ನು ಅದರ ನೆತ್ತಿಯ ಮೇಲೆ ಕೂರಿಸಿ ಉಜ್ಜುವುದೇ? ಅದು ಅವಳಿಂದ ಆಗುವ ಮಾತಲ್ಲ.

ಹಳೆಯ ಗಾಜಿಗೆ ನಮಸ್ಕಾರ ಮಾಡಿ, ಅದನ್ನೇ ಮೇಲಿಟ್ಟಳು. ಯಾವುದು ಮೇಲಿದ್ದರೇನು, ಉಜ್ಜುವುದು ಉಜ್ಜುವುದೇ ಎಂದುಕೊಂಡಳು. ಓದಿದ್ದು ನೋಡಿದರೆ ಭೌತಶಾಸ್ತ್ರ!

ಕಾಲೇಜು ಬಿಟ್ಟ ಮೇಲೆ ಪ್ರತಿ ಸಂಜೆ ಬಂದು ಉಜ್ಜಿದಳು. ರಟ್ಟೆ ಬಿದ್ದುಹೋಗುತ್ತಿತ್ತು. ಬೆರಳ ಸಂದಿಯಲ್ಲಿ ಪುಡಿ ಕೂತು ಚರ್ಮ ಬಿರಿಯಿತು. ಮನೆಯಲ್ಲಿ ಅಪ್ಪ ಒಂದೇ ಮಾತು ಹೇಳಿಬಿಟ್ಟಿದ್ದರು: "ಈ ವರ್ಷ ನಿನ್ನಿಷ್ಟ ಕಣಮ್ಮ. ಆಗಲಿಲ್ಲ ಅಂದ್ರೆ ಬಿ.ಎಡ್. ಆಮೇಲೆ ತಕರಾರು ತೆಗೀಬಾರದು."

ದಸರಾ ಕಳೆದು ಸರ್ವಮಂಗಳಮ್ಮ ಬಂದರು, ಕಣ್ಣಿಗೆ ಕಪ್ಪು ಕನ್ನಡಕ. ಬಂದವರೇ ಉಕ್ಕಿನ ಅಳತೆಪಟ್ಟಿಯನ್ನು ಕುಮುದಳ ಗಾಜಿನ ಮೇಲೆ ಅಡ್ಡಲಾಗಿ ಇಟ್ಟರು. ಪಟ್ಟಿ ನಡುವೆ ಮಾತ್ರ ತಾಗಿ, ಆ ಕಡೆ ಈ ಕಡೆ ತೂಗಿತು.

ಹಳೆಯ ಗಾಜಿನ ಮೇಲಿಟ್ಟರು. ಪಟ್ಟಿಯ ಕೆಳಗೆ, ನಟ್ಟನಡುವೆ, ಸಣ್ಣಗೆ ಬೆಳಕು ಕಂಡಿತು.

"ಯಾವುದನ್ನ ಮೇಲಿಟ್ಟಿದ್ದೆ?"

"ನಿಮ್ಮದನ್ನ."

"ನಾನು ಹೇಳಿದ್ದೇನು?"

"ನಿಮ್ಮ ಗಾಜು ಮೇಡಂ. ಕೆಳಗಿಡೋಕೆ ಮನಸ್ಸು ಬರಲಿಲ್ಲ."

"ಮೇಲಿದ್ದದ್ದು ಹಳ್ಳ ಬೀಳುತ್ತೆ. ಕೆಳಗಿದ್ದದ್ದು ಉಬ್ಬುತ್ತೆ. ಬೆಳಕನ್ನ ಒಂದು ಕಡೆ ಸೇರಿಸೋದು ಹಳ್ಳ ಬಿದ್ದದ್ದು. ಕನ್ನಡಿ ಆಗೋದು ಅದೇ."

ಕುಮುದ ತನ್ನ ಗಾಜನ್ನು ಮುಟ್ಟಿ ನೋಡಿದಳು. ಇಷ್ಟು ದಿನ ರಟ್ಟೆ ಮುರಿದು ಮಾಡಿದ್ದು ಒಂದು ಉಬ್ಬು. ಅವಳಿಗೆ ಅಳು ತಡೆಯಲಾಗಲಿಲ್ಲ.

"ತಿರುಗಿಸಿಟ್ಟು ಮೊದಲಿಂದ ಉಜ್ಜುತೀನಿ ಮೇಡಂ."

"ದೀಪಾವಳಿ ಹತ್ತಿರ ಬಂತು. ಆಗಲ್ಲ."

ಕಣ್ಣೊರೆಸಿಕೊಂಡು ನೋಡಿದರೆ, ಸರ್ವಮಂಗಳಮ್ಮ ಕಪ್ಪು ಕನ್ನಡಕ ತೆಗೆದು ಹಳೆಯ ಗಾಜನ್ನು ಹೊಳೆಯ ಕಡೆಗೆ ಎತ್ತಿ ಹಿಡಿದಿದ್ದರು. ಅದರ ಹಳ್ಳದಲ್ಲಿ ಹೆಬ್ಬೆರಳನ್ನು ಮೆಲ್ಲಗೆ ಆಡಿಸುತ್ತಿದ್ದರು. ಅವರ ಮುಖ ಹಾಗಿದ್ದದ್ದನ್ನು ಕುಮುದ ಎಂದೂ ಕಂಡಿರಲಿಲ್ಲ.

"ಇದನ್ನ ಎಲ್ಲಿಂದ ತಂದ್ರಿ ಮೇಡಂ?"

"ನಿನ್ನ ವಯಸ್ಸಿನಲ್ಲಿ ತರಿಸಿದ್ದೆ. ಅದೇ ಕಾರ್ಯಾಗಾರಕ್ಕೆ ಹೋಗೋಕೆ."

"ಮತ್ತೆ ಯಾಕೆ ಉಜ್ಜಲಿಲ್ಲ?"

ಅವರು ಗಾಜಿನ ಅಂಚಿನ ಮುಕ್ಕನ್ನು ಸೆರಗಿನಿಂದ ಒರೆಸಿದರು.

"ಇಷ್ಟು ವರ್ಷ ಜೋಪಾನ ಮಾಡಿದ್ದನ್ನ, ನನ್ನ ಗಾಜಿನ ಅಡಿಗೆ ಹಾಕು ಅಂತ ಕೊಟ್ಟಿರಾ?" ಎಂದಳು ಕುಮುದ.

"ಪೆಟ್ಟಿಗೆಯಲ್ಲಿ ಏನು ಮಾಡ್ತಿತ್ತು ಅದು?"

ಕುಮುದ ಮುಂದೆ ಬಂದು ಅವರ ಎರಡೂ ಕೈಗಳನ್ನು ಆ ಗಾಜಿನ ಸಮೇತ ಹಿಡಿದುಕೊಂಡಳು. "ಇದು ನಿಮ್ಮ ಹತ್ರಾನೇ ಇರಲಿ. ನಯ ಮಾಡಿ ಕೊಡ್ತೀನಿ. ಕೊಳವೆ ಕಟ್ಟೋಣ. ಕಣ್ಣೂ ವಾಸಿಯಾಗಿದೆ, ನೀವು ಆಕಾಶ ನೋಡಿ. ನಾನು ಬೇರೆ ಗಾಜು ತಂದು ಮುಂದಿನ ವರ್ಷ ಹೋಗ್ತೀನಿ."

"ನಾನೂ ಅದನ್ನೇ ಅಂದಿದ್ದೆ ಕಣೆ," ಎಂದರು ಸರ್ವಮಂಗಳಮ್ಮ. "ಮುಂದಿನ ವರ್ಷ ಅಂತ. ಈ ಸಲವೇ ಹೋಗು, ಇದನ್ನೇ ತಗೊಂಡು."

ಇಬ್ಬರೂ ನಯವಾದ ಪುಡಿಯ ಡಬ್ಬಿ ತೆಗೆದು ಮೇಜಿನ ಎದುರುಬದುರು ನಿಂತರು. ಕುಮುದಳ ಗಾಜು ಕೆಳಗೆ, ಸರ್ವಮಂಗಳಮ್ಮನವರ ಗಾಜು ಮೇಲೆ. ಈ ಸಲ ಹಾಗಿಡಿಸಿದ್ದು ಅವರೇ. ಆದರೆ ಗಾಜನ್ನು ತಾವು ಮುಟ್ಟಲಿಲ್ಲ. ನೀರು ಹನಿಸುತ್ತ, ಕುಮುದಳ ಕೈಯನ್ನೇ ನೋಡುತ್ತ ನಿಂತರು. ಹಬ್ಬದ ಹೊತ್ತಿಗೆ ಕಿಟಕಿಯ ಬೆಳಕು ಆ ಹಳ್ಳಕ್ಕೆ ಬಿದ್ದು, ಎದುರು ಗೋಡೆಯ ಮೇಲೆ ಸಣ್ಣ ಕಿಟಕಿಯೊಂದು ತಲೆಕೆಳಗಾಗಿ ಮೂಡಿತು. ಕುಮುದ ಕುಣಿದಾಡಿಬಿಟ್ಟಳು. ಸರ್ವಮಂಗಳಮ್ಮ ಗೋಡೆಯನ್ನು ನೋಡುತ್ತ ಬಹಳ ಹೊತ್ತು ಕೂತಿದ್ದರು.

ಹೊರಡುವ ಬೆಳಿಗ್ಗೆ ಅವರೇ ಬಸ್‌ಸ್ಟ್ಯಾಂಡಿಗೆ ಬಂದರು. ಕುಮುದಳ ಗಾಜು ಶೆಡ್ಡಿನ ಕಿಟಕಿಯಲ್ಲಿ ಉಳಿಯಿತು. ಹಳೆಯದು ಅದೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಅವಳ ಚೀಲದಲ್ಲಿತ್ತು.

"ಇದು ಯಾರದ್ದು ಅಂತ ಅಲ್ಲಿ ಕೇಳಿದ್ರೆ ಏನು ಹೇಳಲಿ ಮೇಡಂ?"

"ಉಜ್ಜಿದವಳದ್ದು ಅನ್ನು."

ಅವಳು ಬಾಗಿ ಕಾಲು ಮುಟ್ಟಿದಳು. ಏಳುವಾಗ ಕಣ್ಣು ತುಂಬಿತ್ತು. "ನೀವೂ ಬನ್ನಿ ಮೇಡಂ. ಒಂದು ಸಲ."

ಡ್ರೈವರ್ ಹಾರ್ನ್ ಹೊಡೆದ. ಕುಮುದ ಓಡಿ ಹತ್ತಿ, ಸಿಕ್ಕಿದ ಸೀಟಿನಲ್ಲಿ ಕೂತು, ಚೀಲವನ್ನು ಕಾಲ ಬಳಿ ಇಟ್ಟುಕೊಂಡಳು.

ಸರ್ವಮಂಗಳಮ್ಮ ಹೊರಗಿನಿಂದ ಬಸ್ಸಿನ ತಗಡು ಬಡಿದರು.

"ಅಲ್ಲಿ ಬೇಡ, ತೊಡೆ ಮೇಲಿಟ್ಕೊ. ಈ ಕಡೆ ಕಿಟಕಿ ಪಕ್ಕಕ್ಕೆ ಬಾ. ಅದೂ ದಾರಿ ನೋಡಲಿ."