ಮೊರ ನಿಲ್ಲಿಸಿದ ಭರಮಜ್ಜ

ಬಹಳ ಹಿಂದೆ, ಹೊಳೆಗೆ ಇನ್ನೂ ಯಾರೂ ಸೇತುವೆ ಕಟ್ಟದಿದ್ದ ಕಾಲದಲ್ಲಿ, ಒಂದೂರಿನಲ್ಲಿ ಭರಮಜ್ಜನೆಂಬ ಮೇದಾರನಿದ್ದ. ಬಿದಿರು ಸೀಳಿ ಬುಟ್ಟಿ, ಮೊರ, ತೊಟ್ಟಿಲು ಹೆಣೆಯುವುದು ಅವನ ಕಸುಬು. ಸಿಟ್ಟು ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವನು ಗದರಿದರೆ ಆಚೆ ದಡದ ಕೊಕ್ಕರೆಗಳು ಹಾರುತ್ತಿದ್ದವಂತೆ. ಅವನ ಮಚ್ಚು ಕಂಡರೆ ಬಿದಿರು ತಾನೇ ಸೀಳಿಕೊಳ್ಳುತ್ತಿತ್ತಂತೆ. ನಂಬುವವರು ನಂಬಿ, ಬಿಡುವವರು ಬಿಡಿ. ಆದರೆ ನಗುವವರು ಈಗಲೇ ಎದ್ದು ಹೋಗಿ. ನಗುವವರಿಂದಲೇ ಇಷ್ಟೆಲ್ಲ ಆದದ್ದು.

ಅದೇ ಊರಿನಲ್ಲಿ ಮಾಳಿಂಗನೆಂಬ ಕುರುಬರ ಹುಡುಗ. ತೋಳ ಬಂದರೆ ಬರೀ ಕೋಲಿನಲ್ಲಿ ಅಟ್ಟಿದವನು. ಅವನ ಹೆಂಡತಿ ಹೊನ್ನವ್ವ ಹೆಣ್ಣು ಹೆತ್ತಳು. ಹುಟ್ಟಿದ ಕೂಸನ್ನು ಮೊದಲು ಹೊಸ ಮೊರದಲ್ಲಿ ಮಲಗಿಸುವುದು ಅಲ್ಲಿಯ ಪದ್ಧತಿ. ಸೂಲಗಿತ್ತಿ ಕೂಸು ಮಲಗಿದ್ದ ಮೊರ ತಂದು ಅವನ ಮುಂದೆ ಹಿಡಿದಳು, ಎತ್ತಿಕೋ ಅಂದಳು. ಎಷ್ಟೋ ಕುರಿಮರಿಗಳನ್ನು ತಾಯಿಯ ಹೊಟ್ಟೆಯಿಂದ ಎಳೆದು ತೆಗೆದ ಕೈ ಅದು. ಅಂಗೈಯಗಲದ ಆ ಮುಖ ನೋಡಿ ಗಡಗಡ ನಡುಗಿತು. ಮಾಳಿಂಗ ಹಿಂದೆ ಸರಿದ.

ಜಗಲಿಯ ಮೇಲಿದ್ದ ಗಂಡಸರು ಹೋ ಎಂದು ನಕ್ಕರು. ಹೆತ್ತವಳು ಅವಳು, ಬಾಣಂತಿ ನೀನೇನೋ ಎಂದರು. ಇವನಿಗೆ ಸೀರೆ ಉಡಿಸಿ ಎಂದರು. ಮರುದಿನ ಕಟ್ಟೆಯಲ್ಲೂ ಅದೇ ಮಾತು, ಬಾವಿಯ ಹತ್ತಿರವೂ ಅದೇ ಮಾತು. ಕೂಸು ಅತ್ತರೆ ಮಾಳಿಂಗ ಎದ್ದು ಹೊರಗೆ ಹೋಗುತ್ತಿದ್ದ. ತಾನು ಮುಟ್ಟಿದರೆ ಜಾರಿ ಬಿದ್ದೇ ಬೀಳುತ್ತದೆ ಅನ್ನಿಸುತ್ತಿತ್ತು. ಯಾರ ಹತ್ತಿರ ಹೇಳುವುದು? ಹೇಳಿದರೆ ಮತ್ತೆ ನಗುತ್ತಾರೆ. ಒಂದು ಬೆಳಗ್ಗೆ ಕಂಬಳಿ ಹೆಗಲಿಗೆ ಹಾಕಿಕೊಂಡು, ಕುರಿ ಹೊಡೆದುಕೊಂಡು, ಹೊಳೆ ದಾಟಿ ಹೋಗಿಬಿಡುತ್ತೇನೆ, ತಿರುಗಿ ಬರುವುದಿಲ್ಲ ಎಂದು ಹೊರಟ. ಒಳಗೆ ಹೊನ್ನವ್ವ ಅವನ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟು ಮಲಗಿದ್ದಳು.

ದಾರಿಯಲ್ಲಿ ಭರಮಜ್ಜನ ಗುಡಿಸಲು.

"ಹಸಿ ಬಾಣಂತಿ ಬಿಟ್ಟು ಎಲ್ಲಿಗೆ ಹೊಂಟೀಯೋ ಮಗನ?" ಎಂದು ಅಜ್ಜ ಗುಡುಗಿದ.

"ಯಜ್ಜಾ, ನನಗ ಹೆದರಿಕಿ ಆಗತೈತಿ," ಎಂದ ಮಾಳಿಂಗ. ಅಲ್ಲೇ ಕುಸಿದು ಕೂತು, ಊರು ನಕ್ಕದ್ದನ್ನೆಲ್ಲ ಹೇಳಿ ಅತ್ತುಬಿಟ್ಟ.

ಅಜ್ಜ ನಗಲಿಲ್ಲ. ಅವನ ಸಿಟ್ಟು ನೆತ್ತಿಗೇರಿತಂತೆ. ಹುಡುಗನ ಮೇಲಲ್ಲ, ಊರಿನ ಮೇಲೆ. ಮಾಳಿಂಗನನ್ನು ಗುಡಿಸಲಿನಲ್ಲೇ ಕೂರಿಸಿ, ಮಚ್ಚು ಹಿಡಿದೇ ಕಟ್ಟೆಗೆ ಹೋದ. "ಹಡದ ಮನ್ಯಾಗ ಹಲ್ಲು ಕಿಸದಾವ್ರು ಯಾರ್ಯಾರು, ಏಳ್ರಿ ಮ್ಯಾಲೆ!" ಎಂದ. ನೀವು ಅಪ್ಪ ಆದ ದಿನ ಹೆದರಿರಲಿಲ್ಲವೇ ಎಂದು ಕೇಳಿದ. ಎಲ್ಲರೂ ಮೀಸೆ ತಿರುವಿ ಇಲ್ಲ ಎಂದರು. ಸುಳ್ಳು, ಅಪ್ಪಟ ಸುಳ್ಳು! ಹಾಗಾದರೆ ಒಬ್ಬೊಬ್ಬನೂ ನನ್ನ ಗುಡಿಸಲಿಗೆ ಬಂದು, ಆ ಹುಡುಗನ ಮುಂದೆ ಕೂತು ನಿಜ ಹೇಳುವ ತನಕ ಈ ಊರಿಗೆ ಮೊರವಿಲ್ಲ ಎಂದು ಹೇಳಿ, ಬೆನ್ನು ತಿರುಗಿಸಿ ಬಂದ.

ಆಗ ಸುಗ್ಗಿ. ಕಣದಲ್ಲಿ ಜೋಳದ ರಾಶಿ ಬಿದ್ದಿತ್ತು. ಹಳೆಯ ಮೊರಗಳೆಲ್ಲ ಹರಿದುಹೋದವು. ಅಜ್ಜನ ಸಿಟ್ಟಿಗೆ ಹೆದರಿ ಗಾಳಿಯೂ ನಿಂತುಬಿಟ್ಟಿತಂತೆ, ಊರು ಹೊಟ್ಟಿನ ಸಮೇತ ರೊಟ್ಟಿ ತಿಂದಿತಂತೆ. ತಿನ್ನಲಿ ಬಿಡಿ, ಅವರಿಗೆ ತಕ್ಕ ಊಟವೇ ಅದು!

ಮೊದಲು ಬಂದವನು ಕಮ್ಮಾರ. ಮಗನ ಅಳು ಕೇಳಲಾರದೆ, ಕೆಲಸವಿಲ್ಲದಿದ್ದರೂ ಕುಲುಮೆಯಲ್ಲಿ ಕೂತು ಕಬ್ಬಿಣ ಬಡಿಯುತ್ತಿದ್ದೆ ಎಂದು ತಲೆ ತಗ್ಗಿಸಿ ಹೇಳಿದ. ಆಮೇಲೆ ಒಬ್ಬೊಬ್ಬರಾಗಿ ಬಂದರು. ಕೊನೆಗೆ ಗೌಡನೂ ಬಂದ. ಕೂಸು ಹುಟ್ಟಿದ ದಿನ ಮೇವಿನ ಬಣವೆಯಲ್ಲಿ ಅಡಗಿದ್ದ ನನ್ನನ್ನು ಅವ್ವ ಕಿವಿ ಹಿಡಿದು ಎಳೆದು ತಂದಿದ್ದಳು ಎಂದ.

"ಇದನ್ನ ಹೊಟ್ಯಾಗ ಮುಚ್ಚಿಟ್ಕೊಂಡು ಈ ಹುಡುಗನ್ನ ಊರು ಬಿಡಿಸಾಕ ಹೊಂಟಿದ್ರಲ್ಲೋ ಹೇಡಿಗಳಾ!" ಎಂದು ಅಜ್ಜ ಕೂಗಿ, ಮತ್ತೆ ಮೊರ ಹೆಣೆಯಲು ಕೂತ.

ಮಾಳಿಂಗ ಎಲ್ಲವನ್ನೂ ಕೇಳಿದ. ಎದ್ದು ಮನೆಗೆ ನಡೆದ. ಹೊನ್ನವ್ವ ಕೂಸು ಮಲಗಿದ್ದ ಮೊರವನ್ನು ಅವನ ಕಡೆ ಸರಿಸಿದಳು. ಅವನ ಕೈ ಇನ್ನೂ ನಡುಗುತ್ತಿತ್ತು. ನಡುಗುವ ಕೈಯಲ್ಲೇ ಮಗಳನ್ನು ಎತ್ತಿಕೊಂಡ.

ಭರಮಜ್ಜ ಹೋಗಿ ಎಷ್ಟು ಕಾಲವಾಯಿತೋ. ಸಾಯುವ ದಿನವೂ ಯಾರನ್ನೋ ಬೈಯುತ್ತಿದ್ದನಂತೆ. ಇಂದಿಗೂ ಆ ಊರಿನಲ್ಲಿ ಕೂಸು ಹುಟ್ಟಿದರೆ ಹಿರಿಯ ಗಂಡಸರು ಆ ಮನೆಗೆ ಹೋಗುತ್ತಾರೆ. ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಹೊಸ ಅಪ್ಪನ ಪಕ್ಕ ಕೂತು, ಒಬ್ಬೊಬ್ಬರೂ ತಾವು ಹೆದರಿದ್ದನ್ನು ಹೇಳುತ್ತಾರೆ. ಆಮೇಲೆ ಎಲ್ಲರಿಗಿಂತ ಹಿರಿಯವನು ಕೇಳುತ್ತಾನೆ, "ಹೆದರಿಕಿ ಆತೇನಪ್ಪಾ?" ಅವನು ಹೂಂ ಅಂದ ಮೇಲೆಯೇ ಕೂಸನ್ನು ಅವನ ಕೈಗೆ ಕೊಡುತ್ತಾರೆ.