ಹಿಂಡಿನ ಹಿಂದೆ ಬೋಗುಣಿ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನ್ನೊಡನೆ ಮಾತು ಬಿಟ್ಟವನನ್ನು ನಾನೇ ಮೊದಲು ನಂಬಬೇಕೆ? ಅವನು ಕೈಕೊಟ್ಟರೆ?"

ಗುರು ನಕ್ಕು ಈ ಕತೆ ಹೇಳಿದರು.

ಯುರೋಪಿನ ಒಂದು ಹಳ್ಳಿ. ಅಲ್ಲಿನವರು ಹುಲ್ಲು ಹೆಣೆದ ಬುಟ್ಟಿಗಳನ್ನು ಬೋರಲು ಹಾಕಿ ಜೇನು ಸಾಕುತ್ತಿದ್ದರು. ಗೂಡಿನಿಂದ ಹಿಂಡು ಎದ್ದು ಹಾರಿದರೆ ಒಡೆಯ ತಾಮ್ರದ ಬೋಗುಣಿ ಬಾರಿಸುತ್ತ ಬೆನ್ನು ಹತ್ತಬೇಕು. ಸದ್ದು ಇರುವ ತನಕ ಯಾರ ಬೇಲಿಯನ್ನಾದರೂ ದಾಟಬಹುದು. ಹಿಂಡು ಬುಟ್ಟಿಗೆ ಬೀಳುವ ಮೊದಲೇ ಸದ್ದು ನಿಂತರೆ, ಮರ ಯಾರದೋ ಜೇನೂ ಅವರದು. ಊರಿನ ಕಟ್ಟಳೆ ಅದು.

ಅಲ್ಲೊಬ್ಬ ರೈತ, ಒಂಟಿ ಮನುಷ್ಯ. ಚಳಿಗೆ ಅವನ ಐದು ಬುಟ್ಟಿಗಳಲ್ಲಿ ನಾಲ್ಕು ಬರಿದಾಗಿದ್ದವು. ವಸಂತದಲ್ಲಿ ಉಳಿದೊಂದು ಬುಟ್ಟಿ ತುಂಬಿ ತುಳುಕಿ, ಅರ್ಧ ಹುಳುಗಳು ರಾಣಿಯ ಜೊತೆ ಹಾರಿದವು. ಹಿಡಿದರೆ ಎರಡು ಗೂಡು, ಮತ್ತೆ ಚಿಗುರಬಹುದು. ಕಂಕುಳಲ್ಲಿ ಖಾಲಿ ಬುಟ್ಟಿ ಸಿಕ್ಕಿಸಿಕೊಂಡು ಸೌಟಿನಿಂದ ಬೋಗುಣಿ ಢಣಢಣ ಬಾರಿಸುತ್ತ ಓಡಿದ.

ಹಿಂಡು ಹೋಗಿ ಕೂತದ್ದು ಹಿಟ್ಟಿನ ಗಿರಣಿಯವನ ಸೇಬಿನ ಮರದಲ್ಲಿ. ತೊರೆಯ ನೀರಿನ ಜಗಳವಾಗಿ ಮೂರು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ. ರೈತ ಬೇಲಿ ಹಾರಿ ಮರದಡಿ ನಿಂತ. ಆಗ ಹೊಳೆಯಿತು: ಬುಟ್ಟಿ ಹಿಡಿಯಲು ಒಂದು ಕೈ ಬೇಕು, ಕೊಂಬೆ ಜಾಡಿಸಲು ಇನ್ನೊಂದು. ಇದ್ದ ಎರಡೂ ಬೋಗುಣಿಗೇ ಹೋಗಿದ್ದವು.

ಗಿರಣಿಯವನು ಬಾಗಿಲಿಗೆ ಒರಗಿ ಹಲ್ಲು ಕಿರಿದ. "ಬಾರಿಸಯ್ಯಾ, ಬಾರಿಸು. ನನಗೇನೂ ಅವಸರವಿಲ್ಲ."

ರೈತ ಬಾರಿಸಿದ. ಸೌಟು ಸೊಟ್ಟಗಾಯಿತು, ತೋಳು ಸೋತಿತು. ಮೇಲೆ ಹಿಂಡು ಮತ್ತೆ ಏಳುವಂತೆ ಮಿಸುಕಾಡಿತು. ಕೊನೆಗೆ ಬಾರಿಸುತ್ತಲೇ ಹೋಗಿ ಗಿರಣಿಯವನ ಎದುರು ನಿಂತ.

"ತಗೋ ಮಾರಾಯ, ಒಂದು ಗಳಿಗೆ ನೀನು ಬಾರಿಸು," ಎಂದು ಬೋಗುಣಿ, ಸೌಟು ಎರಡನ್ನೂ ಅವನ ಕೈಗಿಟ್ಟ.

ಗಿರಣಿಯವನು ಕಣ್ಣು ಕಣ್ಣು ಬಿಟ್ಟ. ಸುಮ್ಮನೆ ನಿಂತರೆ ಸಾಕಿತ್ತು, ಜೇನು ಅವನದೇ. ಸೌಟೆತ್ತಿ ಒಂದೇಟು ಹಾಕಿದ. ಇನ್ನೊಂದು. ಆಮೇಲೆ ತಾಳವೇ ಹಿಡಿಯಿತು. ರೈತ ಮರ ಹತ್ತಿ ಕೊಂಬೆ ಜಾಡಿಸಿದ. ಹಿಂಡು ದೊಪ್ಪೆಂದು ಬುಟ್ಟಿಗೆ ಬಿತ್ತು. "ಸಾಕು ಕಣಯ್ಯಾ!" ಎಂದರೂ ಗಿರಣಿಯವನು ನಿಲ್ಲಿಸಲಿಲ್ಲ. ಗಿರಣಿಯ ಮಂದಿಯೆಲ್ಲ ಹೊರಬಂದು, ಮೈಮೇಲಿನ ಹಿಟ್ಟು ಹಾರುವಂತೆ ಕುಣಿದರು. ಹುಳು ಕಡಿದು ಮೂಗು ಊದಿದ್ದ ರೈತನೂ ಕುಣಿದ.

ಶಿಷ್ಯ ಬಿಡಲಿಲ್ಲ. "ಆದರೆ ಗುರುಗಳೇ, ಗಿರಣಿಯವನು ಬಾರಿಸದೆ ಸುಮ್ಮನೆ ನಿಂತುಬಿಟ್ಟಿದ್ದರೆ?"

ಗುರು ಅವನನ್ನೇ ನೋಡಿದರು. "ಒಬ್ಬನೇ ಬಾರಿಸಿ ಬಾರಿಸಿ ನಿನ್ನ ತೋಳು ಇನ್ನೂ ಸೋತಿಲ್ಲವೇ, ಮಗು?"